ನಾನು ತಿದ್ದದೆ ಬಿಟ್ಟ ಒಂದು ‘ನಮ್ಮ’

ಛಾಪಖಾನೆಯಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಹತ್ತಿರ ಬರುತ್ತಾರೆ. ಚಹಾ ಕುಡಿದು ಅದೂ ಇದೂ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ: “ಈ ಕೆಲಸದಾಗ ಮುಖ್ಯ ಯಾವುದ್ರಿ ಅಜ್ಜಾರ?” ಏನು ಹೇಳಲಿ? ಒಮ್ಮೆ ಕಣ್ಣು ಅಂದೆ, ಇನ್ನೊಮ್ಮೆ ಕಿವಿ ಅಂದೆ, ಮತ್ತೊಮ್ಮೆ ಮಾಲಕರ ಸಿಟ್ಟು ಬರುವ ಹೊತ್ತು ತಿಳಿದಿರಬೇಕು ಅಂದೆ. ಮೂರೂ ಖರೆ, ಮೂರೂ ಸಾಲವು. ಜೀವಮಾನವಿಡೀ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವನು ನಾನು. ಆದರೆ ತಪ್ಪು ಅಂದರೆ ಯಾವುದು ಎಂದು ಇವತ್ತು ಎದುರು ಕೂತು ಕೇಳಿದರೆ ತಡವರಿಸುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಇಪ್ಪತ್ತರ ದಶಕದಲ್ಲಿ, ಬೆಳಗಾವಿಯ ಒಂದು ಛಾಪಖಾನೆಯಲ್ಲಿ. ಮಾಲಕರು ಪಾಯಪ್ಪಣ್ಣ, ಹಳೆಯ ಜೈನ ಮನೆತನದವರು. ಅಲ್ಲಿ ಎರಡು ಮಾಸಪತ್ರಿಕೆ ಅಚ್ಚಾಗುತ್ತಿದ್ದವು, ಒಂದು ಮರಾಠಿ, ಒಂದು ಕನ್ನಡ. ಎರಡಕ್ಕೂ ಮಾಲಕರು ಒಬ್ಬರೇ, ಎರಡಕ್ಕೂ ಪ್ರೂಫ್ ನೋಡುವವನು ನಾನೊಬ್ಬನೇ. ಮರಾಠಿಯದರಲ್ಲಿ ಬಂದ ಕಥೆ ಮಂದಿಗೆ ಹಿಡಿಸಿತು ಅಂದರೆ ಅದನ್ನು ಕನ್ನಡಕ್ಕೆ ತಿರುಗಿಸುವ ಕೆಲಸವೂ ನನ್ನದೇ.

ಅಕ್ಷರಗಳನ್ನು ಆಗ ಒಂದೊಂದಾಗಿ ಸೀಸದ ಮೊಳೆಯಲ್ಲಿ ಜೋಡಿಸಬೇಕಿತ್ತು. ಅಚ್ಚು ಮುಗಿದ ಮೇಲೆ ಬಿಚ್ಚಿ, ಪ್ರತಿ ಮೊಳೆಯನ್ನೂ ಅದರದರ ಖಾನೆಗೆ ಹಾಕಬೇಕು. ಒಂದು ಸಲ ಯಾರೋ ‘ನ’ ಮೊಳೆಗಳನ್ನು ‘ಲ’ ಖಾನೆಗೆ ಸುರಿದಿದ್ದರು. ಅಂದು ಒಂದು ಮದುವೆಯ ಕಾಗದ ಅವಸರದ ಕೆಲಸ. ನಾನೂ ನೋಡಿದೆ, ಸರಿ ಅಂತ ಸಹಿ ಹಾಕಿದೆ. ಬೀಗರ ಮನೆಗೆಲ್ಲ ಹಂಚಿಯಾದ ಮೇಲೆ ಹುಡುಗಿಯ ಸೋದರಮಾವ ಕಾಗದ ಹಿಡಿದುಕೊಂಡು ಬಂದ. ‘ನಗ್ನ ಸಮಾರಂಭಕ್ಕೆ ತಾವು ಸಹಕುಟುಂಬ ಬಂದು’ ಎಂದಿತ್ತು.

ಪಾಯಪ್ಪಣ್ಣ ಕಾಗದವನ್ನು ಎರಡು ಸಲ ಓದಿದರು. ನಕ್ಕರೆ ಗಿರಾಕಿ ಹೋಗುತ್ತಾನೆ, ಬೈದರೆ ನಾನು ಹೋಗುತ್ತೇನೆ. ಕೊನೆಗೆ ಬಂದವನಿಗೆ, “ಲಗ್ನಕ್ಕ ಎಷ್ಟ ಮಂದಿ ಬರ್ತಾರ ನೋಡ್ರಿ ಈಗ,” ಅಂದರು. ಆತ ಹೋದ ಮೇಲೆ ನನ್ನ ಕಡೆ ತಿರುಗಿ, “ನೀ ಓದಬ್ಯಾಡೋ ತಮ್ಮಾ. ಓದಿದ್ರ ಅರ್ಥ ಆಗತೈತಿ, ಅರ್ಥ ಆದ್ರ ತಪ್ಪು ಕಾಣಂಗಿಲ್ಲ. ಬರೇ ಅಕ್ಷರ ನೋಡು,” ಅಂದರು.

ಇದು ನನಗೆ ಸಿಕ್ಕ ಮೊದಲ ಪಾಠ. ವರ್ಷ ತುಂಬುವುದರೊಳಗೆ ಅದಕ್ಕೆ ಉಲ್ಟಾ ಪಾಠ ಸಿಕ್ಕಿತು.

ಆಗಿನ ಕಥೆಗಾರರಿಗೆ ಹೊರಗಿನಿಂದ ಬಂದು ನೆಲೆಸಿದವರ ಮೇಲೆ ಬಹಳ ಪ್ರೀತಿ. ನಮ್ಮ ಕಡೆ ಅಂಥವರಿಗೆ ಬರವೂ ಇರಲಿಲ್ಲ. ಗೋವೆಯಿಂದ ಘಟ್ಟ ಹತ್ತಿ ಬಂದವರು, ಕೊಂಕಣದಿಂದ ಬಂದವರು, ರಾಜಸ್ಥಾನದ ಕಡೆಯಿಂದ ಬಂದು ಅರಿವೆ ಅಂಗಡಿ ಹಾಕಿದವರು. ಮಾರವಾಡಿ ಅಂಗಡಿಕಾರನೊಬ್ಬನ ಮೇಲೆ ಒಬ್ಬರು ಒಂದು ಕಥೆ ಬರೆದುಕೊಟ್ಟಿದ್ದರು. ಅದರಲ್ಲಿ ಆ ಅಂಗಡಿಕಾರ “ನಾನು ಬರ್ತದೆ, ನೀನು ಹೋಗ್ತಾಳೆ” ಎಂದು ಮಾತಾಡುತ್ತಿದ್ದ. ನಾನು ಮಾಲಕರ ಪಾಠ ನೆನೆದು ಅಷ್ಟನ್ನೂ ಶುದ್ಧ ಮಾಡಿದೆ. ಮರುವಾರ ಬರೆದವರು ಮೆಟ್ಟಲು ಹತ್ತುತ್ತಲೇ ಕೂಗಿದರು: “ಯಾಂವ ಅಂವಾ? ನನ್ನ ಮಾರವಾಡಿನ್ನ ಶಾಸ್ತ್ರಿ ಮಾಡಿ ಕುಂದ್ರಿಸ್ಯಾನಲ್ಲ!”

ಅವರು ಹೇಳಿದ್ದು ಸರಿ ಅನ್ನಿಸಿತು. ಆದರೆ ಅದೇ ಸಂಜೆ ಬಜಾರಕ್ಕೆ ಹೋದಾಗ ನಮ್ಮ ಗುರುತಿನ ಮಾರವಾಡಿಯ ಅಂಗಡಿಯಲ್ಲಿ ಬೇಕೆಂದೇ ನಿಂತು ಕಿವಿಗೊಟ್ಟೆ. ಆತ ಬೆಳಗಾವಿಯ ಕನ್ನಡ, ಬೆಳಗಾವಿಯ ಮರಾಠಿ ಎರಡನ್ನೂ ನೀರು ಕುಡಿದ ಹಾಗೆ ಮಾತಾಡುತ್ತಿದ್ದ. ಹಾಗಾದರೆ ಕಥೆಯಲ್ಲಿ ತಪ್ಪಾಗಿ ಮಾತಾಡಿದವನು ಯಾರು? ಅದನ್ನು ಶುದ್ಧ ಮಾಡಿದ ನಾನು ತಪ್ಪೋ, ತಪ್ಪು ಮಾತನ್ನು ಅವನ ಬಾಯಿಗೆ ತುರುಕಿದವರು ತಪ್ಪೋ? ಅಲ್ಲಿಂದ ನನ್ನ ಗೊಂದಲ ಶುರು. ಮುಂದೆ ಆರು ತಿಂಗಳು ನಾನು ಏನನ್ನೂ ತಿದ್ದುವ ಧೈರ್ಯ ಮಾಡಲಿಲ್ಲ. ಬರೆದವರು ನಿಜವಾಗಿ ಮಾಡಿದ ತಪ್ಪುಗಳೂ ಹಾಗೇ ಅಚ್ಚಾದವು. ಅದಕ್ಕೂ ಬೈಸಿಕೊಂಡೆ.

ಇನ್ನೊಂದು ಮಾತು. ನಾನು ಪ್ರೂಫ್ ನೋಡಿದ ಆ ಕಾಲದ ಕಥೆಗಳಲ್ಲಿ ಹೊರಗಿನಿಂದ ಬಂದವರು ಕೊನೆಯ ಪುಟದೊಳಗೆ ಸಾಯುತ್ತಿದ್ದರು. ಸಾಯದಿದ್ದರೆ ಊರಿನ ಯಾರದೋ ಜೀವ ಉಳಿಸಿ, ಎಲ್ಲರೂ ಕಣ್ಣೀರು ಹಾಕಿ ಅವರನ್ನು ಅಪ್ಪಿಕೊಳ್ಳುವಂತೆ ಮಾಡುತ್ತಿದ್ದರು. ಸುಮ್ಮನೆ ಅಂಗಡಿ ಬಾಗಿಲು ತೆಗೆದು, ವ್ಯಾಪಾರ ಮಾಡಿ, ಉಂಡು ಮಲಗುವವನನ್ನು ನಾನು ಕಥೆಯಲ್ಲಿ ಕಾಣಲಿಲ್ಲ.

ಅಷ್ಟರಲ್ಲಿ ವಾಮನ ಮಾಸ್ತರರ ಕಥೆ ಬಂತು. ಅವರು ಖಾನಾಪುರದಲ್ಲಿ ಮರಾಠಿ ಸಾಲಿಯ ಮಾಸ್ತರರು, ಸಣಕಲು ಮನುಷ್ಯ, ಮಾತಾಡುವಾಗ ಗಾಳಿಯಲ್ಲಿ ಬೆರಳಿಂದ ಬರೆಯುವ ಅಭ್ಯಾಸ. ಅವರ ಓಣಿಯಲ್ಲಿ ರೋಜಿಬಾಯಿ ಎಂಬ ಹೆಂಗಸು ಇದ್ದಳು. ಇಪ್ಪತ್ತು ವರ್ಷದ ಹಿಂದೆ ಗಂಡನ ಜೊತೆ ಗೋವೆಯಿಂದ ಕಣಕುಂಬಿಯ ಹಾದಿ ಹಿಡಿದು ಬಂದು ಪಾವಿನ, ಅಂದರೆ ಬ್ರೆಡ್ಡಿನ, ಭಟ್ಟಿ ಹಾಕಿದವಳು. ಗಂಡ ತೀರಿಹೋಗಿದ್ದ, ಭಟ್ಟಿ ನಡೆಸುತ್ತಿದ್ದಳು. ಪಾವು ಆಗ ಜ್ವರ ಬಂದವರ ಊಟ. ಡಾಕ್ಟರು ಹಾಲು ಪಾವು ಕೊಡಿ ಅಂದ ದಿನ ಇಡೀ ಓಣಿಗೆ ರೋಜಿಬಾಯಿ ಬೇಕು, ಜ್ವರ ಬಿಟ್ಟ ಮೇಲೆ ಬೇಡ.

ಓಣಿಯ ಬಾವಿಗೆ ಕಿರಿಸ್ತಾನಳಾದ ಆಕೆ ಕೊಡ ಇಳಿಬಿಡುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ನಿಲ್ಲುವುದು, ಯಾರಾದರೂ ಸೇದಿ ಮೇಲಿನಿಂದ ಹಾಕುವುದು, ಹೀಗೆ ನಡೆದಿತ್ತು. ಇಷ್ಟು ವರ್ಷ ತಂಗೆವ್ವ ಎಂಬ ಮುದುಕಿ ತಪ್ಪದೆ ಹಾಕುತ್ತಿದ್ದಳು. ಈಗ ತಂಗೆವ್ವನ ಮೊಣಕಾಲು ಹಿಡಿದುಕೊಂಡು ಆಕೆ ಕಟ್ಟೆ ಹತ್ತಲಾರದಾಗಿದ್ದಳು. ಬೇರೆಯವರಿಗೆ ಪುರುಸೊತ್ತಾದಾಗ ನೀರು. ನೀರಿಲ್ಲದಿದ್ದರೆ ಹಿಟ್ಟು ಕಲಸುವುದು ಹೇಗೆ? ಒಂದೊಂದು ದಿನ ಭಟ್ಟಿ ಹಚ್ಚದೇ ಇರುವ ಪರಿಸ್ಥಿತಿ ಬಂತು. ತಾನೇ ಸೇದಿಕೊಳ್ಳಲು ಬಿಡಬೇಕೋ ಬೇಡವೋ ಎಂದು ಓಣಿಯ ಹಿರಿಯರು ಕೂಡುವವರಿದ್ದರು. ಬೇಡ ಅಂದರೆ ಆಕೆ ಭಟ್ಟಿ ಮುಚ್ಚಿ ಊರು ಬಿಡಬೇಕು, ಅಷ್ಟೇ.

ಮಾಸ್ತರರು ಹಿರಿಯರ ಮನಸ್ಸು ಕರಗಿಸಬೇಕೆಂದೇ ಆ ಕಥೆ ಬರೆದರು. ಹೆಸರು ಬದಲಿಸಿದ್ದರು, ಅಷ್ಟೇ. ಕಥೆಯ ಹೆಂಗಸು ಉದ್ದಕ್ಕೂ ‘ನಿಮ್ಮ ಬಾವಿ’ ಅನ್ನುತ್ತಾಳೆ. ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯುವಾಗ ಕೇಳದೆಯೇ ಬಂದು ಬುಟ್ಟಿ ಹೊರುತ್ತಾಳೆ. ಹೊಸ ನೀರು ಜಿನುಗಿದಾಗ ಆಕೆಯ ಬಾಯಿಂದ ‘ಆಪಲೀ ವಿಹೀರ’ ಎಂಬ ಮಾತು ಬರುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಮರಾಠಿಯಲ್ಲಿ ‘ನಮ್ಮದು’ ಅನ್ನಲು ಎರಡು ಮಾತಿವೆ. ಕೇಳುವವನನ್ನು ಹೊರಗಿಟ್ಟು ‘ನಮ್ಮ ಬಾವಿ’ ಅಂದರೆ ‘ಆಮಚೀ ವಿಹೀರ’. ಕೇಳುವವನನ್ನೂ ಒಳಗೆ ಸೇರಿಸಿಕೊಂಡು ಅಂದರೆ ‘ಆಪಲೀ ವಿಹೀರ’. ಮಾಸ್ತರರ ಇಡೀ ಕಥೆ ನಿಂತಿದ್ದು ಆ ಒಂದು ‘ಆಪಲೀ’ ಮೇಲೆ. ಮರಾಠಿ ಪತ್ರಿಕೆಯಲ್ಲಿ ಓದಿದವರು ಕಣ್ಣೊರೆಸಿಕೊಂಡರು. ಪಾಯಪ್ಪಣ್ಣ ಕನ್ನಡಕ್ಕೂ ಬರಲಿ ಅಂದರು.

ನನ್ನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಮ್ಮ’. ಮೂರು ದಿನ ಒದ್ದಾಡಿದೆ. ‘ನಮ್ಮ ನಿಮ್ಮ ಬಾವಿ’ ಅಂದರೆ ಲಾವಣಿಯ ಹಾಗಾಗುತ್ತದೆ. ಕೊನೆಗೆ ‘ನಮ್ಮೆಲ್ಲರ ಬಾವಿ’ ಎಂದು ಬರೆದೆ. ಸ್ವಲ್ಪ ಭಾಷಣದ ವಾಸನೆ ಬಂದರೂ ಅರ್ಥ ಉಳಿಯಿತು ಎಂದು ಸಮಾಧಾನ ಮಾಡಿಕೊಂಡೆ.

ಪತ್ರಿಕೆ ಟಪಾಲಿಗೆ ಹೋಗುವ ದಿನ ಕಂಪೋಜಿಟರ್ ಹುಸೇನಸಾಬರು ಕೈ ಒರೆಸಿಕೊಳ್ಳುತ್ತ ಬಂದರು. ನನ್ನ ತಂದೆಯ ವಯಸ್ಸಿನವರು, ಮೊಳೆಯನ್ನು ಮುಟ್ಟಿಯೇ ಯಾವ ಅಕ್ಷರ ಅನ್ನುವವರು.

“ಲ ಒತ್ತು ಖಲಾಸ್ ಆದುವ್ರಿ. ಕಡೀ ಸಾಲಿಗೆ ಒಂದು ಕಮ್ಮಿ ಬಿದ್ದೈತಿ.”

“ಬ್ಯಾರೆ ಪುಟ ಬಿಚ್ಚಿ ತಗೀರಲ್ಲ ಚಾಚಾ.”

“ಬಾಕಿ ಪುಟ ಎಲ್ಲಾ ಬಿಗದು ಮಶೀನಿಗೆ ಏರಿಸೇನ್ರಿ. ಈ ಕಥೀಯೊಳಗ ‘ಇಲ್ಲ’, ‘ಅಲ್ಲ’, ‘ಆಗೋದಿಲ್ಲ’ ಭಾಳ ಅದಾವ. ಅದಕ್ಕ ಹೋಗ್ಯಾವ. ಇದೊಂದು ಮಾತ ಬದಲಿ ಮಾಡಿಕೊಡ್ರಿ.”

ಮೊಳೆ ಕಡಿಮೆ ಬಿದ್ದರೆ ಮಾತು ಬದಲಿಸುವುದು ಆಗಿನ ಕೆಲಸದ ರೀತಿ. ಎಷ್ಟೋ ‘ಸೂರ್ಯ’ರು ಹಾಗೆ ‘ರವಿ’ಗಳಾಗಿದ್ದಾರೆ. ಒಳಗಿನಿಂದ ಪಾಯಪ್ಪಣ್ಣ, “ಟಪಾಲ ತಪ್ಪತೈತ್ರೋ!” ಎಂದು ಕೂಗುತ್ತಿದ್ದರು. ನಾನು ಪ್ರೂಫಿನ ಮೇಲೆ ‘ನಮ್ಮೆಲ್ಲರ’ ಹೊಡೆದುಹಾಕಿ ‘ನಮ್ಮ’ ಎಂದು ಬರೆದುಕೊಟ್ಟೆ. ಓದುವವರಿಗೆ ತಿಳಿಯುತ್ತದೆ ಬಿಡು, ಅಂದುಕೊಂಡೆ.

ಹತ್ತು ದಿನಕ್ಕೆ ವಾಮನ ಮಾಸ್ತರರು ಖಾನಾಪುರದಿಂದ ಮುಂಜಾನೆಯ ಗಾಡಿಗೆ ಬಂದಿಳಿದರು. ನನ್ನ ಮೇಜಿನ ಮೇಲೆ ಪತ್ರಿಕೆ ಬಿಸುಟು ಕೇಳಿದರು: “ಇದೇನ ಮಾಡೀರಿ?”

ಖಾನಾಪುರದವರೆಲ್ಲ ಎರಡೂ ಭಾಷೆ ಆಡುತ್ತಾರೆ. ಆದರೆ ಒಬ್ಬೊಬ್ಬರು ಸಾಲಿಯಲ್ಲಿ ಕಲಿತ ಅಕ್ಷರ ಒಂದೇ, ಹೀಗಾಗಿ ಅರ್ಧ ಓಣಿ ಕಥೆಯನ್ನು ಮರಾಠಿಯಲ್ಲಿ ಓದಿತ್ತು, ಇನ್ನರ್ಧ ಕನ್ನಡದಲ್ಲಿ. ಮರಾಠಿ ಓದಿದವರು, ಪಾಪ ಆಕೆ ನಮ್ಮ ಜೊತೆ ಸೇರಿದಳು ಅಂದರು. ಕನ್ನಡ ಓದಿದವರು ಬೇರೆ ಅಂದರು. “ನೋಡ್ರಿ, ಹೂಳ ತಗ್ಯಾಕ ಬಂದಾಕಿ ಬಾವಿನ ನಮ್ದು ಅಂದ್ಲು. ಕಥೀಯೊಳಗ ಹಿಂಗಾದ್ರ ನಾಳಿ ಖರೇನ ಹಿಂಗ ಆಕ್ಕೈತಿ.” ಓಣಿಯ ಹಿರಿಯ ಶಿವಲಿಂಗಪ್ಪನವರು ಕನ್ನಡ ಓದುವವರು. ಅದುವರೆಗೆ ಹೂಂ ಅನ್ನುವ ಮನಸ್ಸಿದ್ದವರು, ಕಥೆ ಓದಿದ ಮೇಲೆ ಉಹೂಂ ಅನ್ನತೊಡಗಿದ್ದರು. ಹಿರಿಯರು ಕೂಡಲು ಇನ್ನು ಎರಡೇ ದಿನ ಇತ್ತು.

ಕಾಣದ ಹೆಂಗಸಿನ ನೀರನ್ನು ನನ್ನ ಪೆನ್ಸಿಲ್ಲಿನ ಒಂದು ಗೀಟು ಕಿತ್ತುಕೊಂಡಿತ್ತು. ಪಾಯಪ್ಪಣ್ಣ ಎಲ್ಲ ಕೇಳಿ, “ಮುಂದಿನ ತಿಂಗಳ ಅಂಕದಾಗ ತಿದ್ದುಪಡಿ ಹಾಕೂಣು. ನೀ ಅದರ ಪ್ರೂಫ್ ತಗೊಂಡು ಖಾನಾಪುರಕ್ಕ ಹೋಗಿ ಮಂದಿಗೆ ತೋರಿಸಿ ಬಾ,” ಅಂದರು. ಹುಸೇನಸಾಬರು ಜೋಡಿಸಿಕೊಟ್ಟರು: ‘ನಮ್ಮ ಬಾವಿ ಎಂದಿರುವಲ್ಲಿ ನಮ್ಮೆಲ್ಲರ ಬಾವಿ ಎಂದು ಓದಿಕೊಳ್ಳಬೇಕು.’

ಮರುದಿನ ಖಾನಾಪುರ ಸ್ಟೇಷನ್ನಿನಿಂದ ಓಣಿಯವರೆಗೆ ನಡೆದುಹೋದೆ. ಬೇಸಿಗೆ. ಭಟ್ಟಿಯ ಮುಂದೆ ರೋಜಿಬಾಯಿ ಕಟ್ಟಿಗೆ ಒಡೆಯುತ್ತಿದ್ದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ನಾನು ಬಾಗಿಲ ಹೊರಗೇ ಒಂದು ದಿಮ್ಮಿಯ ಮೇಲೆ ಕೂತು, ನನ್ನಿಂದಾದ ತಪ್ಪನ್ನು ಹೇಳಿಕೊಂಡೆ.

“ನನಗ ಓದಾಕ ಬರಂಗಿಲ್ರಿ. ನೀವ ಓದ್ರಿ, ಕೇಳೂಣು,” ಅಂದಳು.

ಇಡೀ ಕಥೆ ಓದಿದೆ. ಕಥೆಯಲ್ಲಿ ಮಾಸ್ತರರು ಆಕೆಯ ಮಾತನ್ನು ತೊದಲು ತೊದಲಾಗಿ ಬರೆದಿದ್ದರು, ನಾನೂ ಅದೇ ತೊದಲನ್ನು ಕನ್ನಡದಲ್ಲಿ ಕಷ್ಟಪಟ್ಟು ಹುಟ್ಟಿಸಿದ್ದೆ. ಎದುರಿಗೆ ಕೂತವಳು ನನ್ನಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದಳು. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು.

ಕೊನೆಯ ಸಾಲು ಕೇಳಿ ಆಕೆ ಕೊಡಲಿ ಕೆಳಗಿಟ್ಟಳು.

“ಹಿಂಗ ನಾ ಯಾವಾಗ ಅಂದೆ?”

“ನೀವು ಅಂದಿಲ್ರಿ ಬಾಯಾರ. ಅದು ಕಥಿ.”

“ಹೂಳ ನಾ ತಗದಿಲ್ಲ. ಆ ದಿನ ನನಗ ಚಳಿಜ್ವರ ಬಂದು ಮಲಗಿದ್ದೆ. ಬಾವಿ ನಮ್ದು ಅಂತನೂ ಅಂದಿಲ್ಲ, ಎಲ್ಲಾರದು ಅಂತನೂ ಅಂದಿಲ್ಲ. ಬಾವಿ ಅವರದ. ಅವರ ಅಜ್ಜಗೋಳು ತೋಡಸ್ಯಾರ. ನನಗ ಒಂದು ಕೊಡ ಇಳಸಾಕ ಬಿಟ್ರ ಸಾಕ್ರಿ. ಹಗ್ಗ ನಂದ ತರತೇನಿ.”

“ಆದ್ರ ಬಾಯಾರ, ಇಪ್ಪತ್ತು ವರ್ಷ ಆತು. ನಮ್ಮೂರು ಅಂತ ಅನಸಂಗಿಲ್ಲೇನ್ರಿ?”

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. “ಅದನ್ನ ಮಾಸ್ತರೂ ಕೇಳ್ತಾರ, ನೀವೂ ಕೇಳ್ತೀರಿ. ನೀರ ಬೇಕೇನು ಅಂತ ಯಾರೂ ಕೇಳವಲ್ರು.”

ಮರುದಿನ ಮುಂಜಾನೆ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ರಾತ್ರಿ ನಾನು ಮಾಸ್ತರರ ಮನೆಯಲ್ಲೇ ಉಳಿದಿದ್ದೆ. ಅವರು ನನ್ನನ್ನು ಮುಂದೆ ತಳ್ಳಿದರು. ನಾನು ತಿದ್ದುಪಡಿಯ ಚೀಟಿ ಹಿಡಿದು, ಮೊಳೆ ಮುಗಿದಿದ್ದನ್ನು, ಎರಡು ‘ನಮ್ಮ’ಗಳನ್ನು, ಎಲ್ಲವನ್ನೂ ವಿವರಿಸಿದೆ. ಶಿವಲಿಂಗಪ್ಪನವರು ಸಾವಧಾನವಾಗಿ ಕೇಳಿದರು.

“ಅದೆಲ್ಲಾ ಇರ್ಲಿ. ಆಕಿ ಬಾವಿ ನಮ್ದು ಅಂದಾಳೋ ಇಲ್ಲೋ? ಅದೊಂದು ಹೇಳ್ರಿ.”

ಅಂದಿದ್ದಾಳೆ ಅಂದರೆ ಆಕೆ ಬಾವಿಯ ಮೇಲೆ ಹಕ್ಕು ಹೂಡಿದಂತೆ. ಅಂದಿಲ್ಲ ಅಂದರೆ ಆಕೆ ಹೊರಗಿನವಳೇ ಎಂದು ನಾನೇ ಒಪ್ಪಿಕೊಟ್ಟಂತೆ, ಮಾಸ್ತರರ ಕಥೆಗೆ ನಾನೇ ಮಣ್ಣು ಹಾಕಿದಂತೆ. ಬಾಜೂಕ್ಕೆ ನಿಂತ ಮಾಸ್ತರರು ಮೆಲ್ಲಗೆ, “ಎಲ್ಲಾರದು ಅಂದಾಳ ಅಂತ ಹೇಳ್ರಿ, ಹೇಳ್ರಿ,” ಅನ್ನುತ್ತಿದ್ದರು. ನಾನು “ಅದು ಹಂಗಲ್ರಿ, ಕಥಿಯೊಳಗ...” ಎಂದು ತೊದಲಿದೆ.

ರೋಜಿಬಾಯಿ ಕಟ್ಟೆಯ ಕೆಳಗೆ ನಿಂತಿದ್ದಳು. ಅಲ್ಲಿಂದಲೇ ಹೇಳಿದಳು: “ಯಪ್ಪಾ, ನಾ ಏನೂ ಅಂದಿಲ್ಲ. ಬಾವಿ ನಿಮ್ಮದ. ಒಂದು ಕೊಡ ನೀರ ಸೇದಾಕ ಅಪ್ಪಣೆ ಕೊಡ್ರಿ.”

ಶಿವಲಿಂಗಪ್ಪನವರ ಹುಬ್ಬು ಸಡಿಲವಾಯಿತು. ಉಳಿದವರ ಮುಖ ನೋಡಿದರು. “ಬಾವಿ ನಮ್ಮದು ಅಂತ ಆಕೀನ ಒಪ್ಕೋತಾಳಲ್ಲ. ಮತ್ತ ತಕರಾರ ಏನು? ಬಂದ ಮಂದಿ ನೀರ ಕೇಳಿದ್ರ ಇಲ್ಲ ಅನ್ನಾಕ ಬರತೈತೇನು? ನಮ್ಮವರು ಸೇದಿ ಮುಗಿಸಿದ ಮ್ಯಾಲ ಸೇದ್ಕೋ ಬಾಯಿ.” ಅಲ್ಲಿಗೆ ಮುಗಿಯಿತು. ಇಪ್ಪತ್ತು ವರ್ಷ ಇದ್ದವಳು ಅತಿಥಿಯಾಗಿ ನೀರು ಪಡೆದಳು. ಆಕೆ ಕೈಮುಗಿದಳು, ಮುಖದ ತುಂಬ ನಗು. ಮಾಸ್ತರರು ಮಾತ್ರ ಸತ್ತ ಮನೆಯಿಂದ ಬಂದವರಂತೆ ಕೂತುಬಿಟ್ಟರು. “ನನ್ನ ಕಥೀನ ಉಲ್ಟಾ ಆತು. ‘ಆಪಲೀ’ ಅನ್ನಬೇಕಾದಾಕಿ ‘ತುಮಚೀ’, ನಿಮ್ಮದು, ಅಂದ್ಲು,” ಎಂದು ಗಾಳಿಯಲ್ಲಿ ಏನೋ ಬರೆದು ಬೆರಳಿನಿಂದಲೇ ಹೊಡೆದುಹಾಕಿದರು.

ಹಿರಿಯರು ಎದ್ದ ಕೂಡಲೇ ನಾನು ರೋಜಿಬಾಯಿಗೆ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ ಅಂದೆ. ಆಕೆ ಗಾಬರಿಯಾದಳು. “ಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ. ಎಲ್ಲಾರದು ಅಂತ ಛಾಪಿಸಿದ್ರ ಮತ್ತ ಕೂಡತಾರ, ಮತ್ತ ಮಾತ ಬೆಳೀತೈತಿ. ತಪ್ಪು ಹಂಗ ಇರ್ಲಿ.”

ತಪ್ಪನ್ನು ಹಾಗೇ ಇಟ್ಟೆ. ಪಾಯಪ್ಪಣ್ಣ ಏನೂ ಕೇಳಲಿಲ್ಲ. ಹುಸೇನಸಾಬರು ಜೋಡಿಸಿಟ್ಟಿದ್ದ ಸಾಲನ್ನು ಬಿಚ್ಚಿ ಮೊಳೆಗಳನ್ನು ಖಾನೆಗೆ ಹಾಕಿದರು. ಕಥೆಯನ್ನು ಹೊಗಳಿ ಎರಡೂ ಭಾಷೆಯ ಓದುಗರಿಂದ ಪತ್ರಗಳು ಬಂದವು. ಪರವೂರಿನಿಂದ ಬಂದವರ ಮನಸ್ಸು ಇಷ್ಟು ನಿಜವಾಗಿ ಯಾರೂ ಬರೆದಿಲ್ಲ ಎಂದು ಒಬ್ಬರು ಬರೆದರು. ಆ ಪತ್ರವನ್ನೂ ನಾನೇ ಪ್ರೂಫ್ ನೋಡಿ ಅಚ್ಚಿಗೆ ಕಳಿಸಿದೆ.

ಆ ಕಥೆ ಸುಳ್ಳೇ? ಹೇಳಲಾರೆ. ಮರಾಠಿಯಲ್ಲಿ ಅದನ್ನು ಓದಿ ಮನಸ್ಸು ಮೆತ್ತಗಾದವರು ಖಂಡಿತ ಇದ್ದರು. ಮಾಸ್ತರರು ಬರೆಯದಿದ್ದರೆ ಹಿರಿಯರು ಏನು ಹೇಳುತ್ತಿದ್ದರೋ ತಿಳಿಯದು. ಆಕೆ ಮನಸ್ಸಿನಲ್ಲಿ ‘ನಮ್ಮದು’ ಅಂದುಕೊಂಡಿದ್ದು ನೀರಿಗಾಗಿ ಬಾಯಲ್ಲಿ ‘ನಿಮ್ಮದು’ ಅಂದಳೋ ಏನೋ. ಬರೆದವರಿಗೂ ತಿದ್ದಿದವನಿಗೂ ಅದು ಗೊತ್ತಾಗಲಿಲ್ಲ. ಈಗಿನ ಛಾಪಖಾನೆಗಳಲ್ಲಿ ಮೊಳೆಗೆ ಬರವಿಲ್ಲ, ಬೇಕಾದ ಮಾತನ್ನು ಬೇಕಾದಷ್ಟು ಸಲ ಹಾಕಬಹುದು. ಪರವೂರಿನವರ ಕಥೆಗಳು ನಿಮ್ಮ ಮೇಜಿಗೂ ಬರುತ್ತವೆ. ಕಾಗುಣಿತ ಧಾರಾಳವಾಗಿ ತಿದ್ದಿ. ಅವರ ಬಾಯಿಂದ ‘ನಮ್ಮ’ ಎಂದು ಬಂದಲ್ಲಿ ಪೆನ್ಸಿಲ್ ಕೆಳಗಿಟ್ಟು, ಇದನ್ನು ಯಾರು ಯಾರ ಬಾಯಿಂದ ಅನ್ನಿಸಿದ್ದಾರೆ ಎಂದು ಒಂದು ಗಳಿಗೆ ಯೋಚಿಸಿ. ಉತ್ತರ ಸಿಕ್ಕರೆ ನನಗೂ ತಿಳಿಸಿ.

ಆ ದಿನದ ಒಂದು ಸಂಗತಿ ಬಿಟ್ಟಿದ್ದೇನೆ. ಇದನ್ನು ನಾನು ಪಾಯಪ್ಪಣ್ಣನಿಗೂ ಹೇಳಿರಲಿಲ್ಲ, ಮಾಸ್ತರರಿಗೂ ಹೇಳಿರಲಿಲ್ಲ.

ಹಿರಿಯರು ಎದ್ದುಹೋದ ಮೇಲೆ, ಓಣಿಯವರು ಸೇದಿ ಮುಗಿಸುವವರೆಗೂ ರೋಜಿಬಾಯಿ ಕಾದಳು. ಆಮೇಲೆ ಹೊಸ ಹಗ್ಗ ತಂದು, ಚಪ್ಪಲಿ ಕಳಚಿ, ಕಟ್ಟೆ ಹತ್ತಿದಳು. ಮೊದಲನೆಯ ಸಲ ಕೊಡ ಇಳಿಬಿಟ್ಟಳು. ತುಂಬಿದ ಕೊಡ ಮೇಲೆ ಬಂದಾಗ ತನ್ನಷ್ಟಕ್ಕೆ ತಾನು ನಕ್ಕಳು. ನಾನು ಮರದ ನೆರಳಲ್ಲಿ ನಿಂತು ನೋಡುತ್ತಿದ್ದೆ. ಬಿಸಿಲು ಏರಿತ್ತು, ಗಂಟಲು ಒಣಗಿತ್ತು. ಆಕೆ ಒಂದು ಹಿತ್ತಾಳೆಯ ಚರಿಗೆ ತೊಳೆದು, ಮತ್ತೊಮ್ಮೆ ತೊಳೆದು, ನೀರು ತುಂಬಿ ನನ್ನ ಮುಂದೆ ಹಿಡಿದಳು.

“ಬಿಸಲಾಗ ಬಂದೀರಿ. ಕುಡೀರಿ ಅಣ್ಣಾರ, ತಣ್ಣಗೈತಿ.”

ಸುತ್ತ ನೋಡಿದೆ. ಯಾರೂ ಇರಲಿಲ್ಲ. ಯಾರಾದರೂ ಇದ್ದಿದ್ದರೆ ನಾಚಿಕೆಗಾದರೂ ಕುಡಿಯುತ್ತಿದ್ದೆನೋ ಏನೋ.

“ಬ್ಯಾಡ್ರಿ ಬಾಯಾರ, ಗಾಡಿ ಹೊತ್ತಾತು,” ಅಂದೆ.

ಆಕೆ ಚರಿಗೆಯನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಬಿರಬಿರನೆ ಸ್ಟೇಷನ್ನಿಗೆ ಬಂದೆ. ಗಾಡಿಗೆ ಇನ್ನೂ ಎರಡು ತಾಸು ಇತ್ತು.